ಎಷ್ಟು ಎಂಎಲ್ ಕೊಡಬೇಕು? ವಾರ್ಡಿಗೆ ಹೊಸದಾಗಿ ಬಂದ ನರ್ಸಿಂಗ್ ವಿದ್ಯಾರ್ಥಿಗಳಿಗೆ

ವಾರ್ಡ್ ಪೋಸ್ಟಿಂಗ್ ಶುರುವಾದ ಕೂಡಲೇ ವಿದ್ಯಾರ್ಥಿಗಳಿಂದ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ. ಜೆಂಟಾಮೈಸಿನ್ ಎಷ್ಟು ಎಂಎಲ್ ಕೊಡಬೇಕು? ಹೆಪಾರಿನ್ ಎಷ್ಟು ಎಂಎಲ್? ಮಗುವಿಗೆ ಪ್ಯಾರಾಸಿಟಮಾಲ್ ಎಷ್ಟು ಎಂಎಲ್? ಇದಕ್ಕೆ ಥಟ್ಟನೆ ಉತ್ತರ ಕೊಡುವವರನ್ನು ನಂಬಬೇಡಿ. ಡಾಕ್ಟರ್ ಆರ್ಡರ್ ಬರೆಯುವುದು ಮಿಲಿಗ್ರಾಂನಲ್ಲಿ ಅಥವಾ ಯೂನಿಟ್‌ನಲ್ಲಿ. ಅದು ಎಷ್ಟು ಎಂಎಲ್ ಆಗುತ್ತದೆ ಅನ್ನೋದು ನಿಮ್ಮ ಕೈಯಲ್ಲಿರುವ ಆಂಪೂಲ್ (ಕತ್ತು ಒಡೆದು ತೆರೆಯುವ ಗಾಜಿನ ಸೀಸೆ) ಅಥವಾ ವಯಲ್ (ರಬ್ಬರ್ ಮುಚ್ಚಳದ ಸೀಸೆ) ಮೇಲಿದೆ. ನಿನ್ನೆ ಬಂದ ಸ್ಟಾಕ್ ಬೇರೆ, ಇವತ್ತಿನದು ಬೇರೆ ಆಗಿರಬಹುದು. ಹಾಗಾಗಿ ಉತ್ತರ ಬಾಯಿಪಾಠ ಮಾಡುವ ಬದಲು ಲೇಬಲ್ ಓದಿ ಲೆಕ್ಕ ಹಾಕುವುದನ್ನು ಕಲಿಯೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿದ್ಯಾರ್ಥಿಯಾಗಿರುವಾಗ ಒಬ್ಬರೇ ಔಷಧಿ ಕೊಡುವಂತಿಲ್ಲ. ಸ್ಟಾಫ್ ನರ್ಸ್ ಅಥವಾ ನಿಮ್ಮ ಟ್ಯೂಟರ್ ಪಕ್ಕದಲ್ಲಿರಬೇಕು. ಇಲ್ಲಿ ಬರೆದಿರುವುದಕ್ಕೂ ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್‌ಗೂ ವ್ಯತ್ಯಾಸ ಕಂಡರೆ ಆಸ್ಪತ್ರೆಯದ್ದನ್ನೇ ಪಾಲಿಸಿ.

ಜೇಬಿನಲ್ಲಿ ಇರಬೇಕಾದದ್ದು: ಸೆಕೆಂಡ್ ಮುಳ್ಳಿರುವ ವಾಚ್, ಸಣ್ಣ ನೋಟ್‌ಬುಕ್, ಪೆನ್ನು, ಕ್ಯಾಲ್ಕುಲೇಟರ್. ಮೊಬೈಲ್‌ನಲ್ಲೇ ಕ್ಯಾಲ್ಕುಲೇಟರ್ ಇದೆಯಲ್ಲ ಅನ್ನಬೇಡಿ. ಇಂಜೆಕ್ಷನ್ ರೆಡಿ ಮಾಡುವಾಗ ಮೊಬೈಲ್ ಹೊರಗೆ ಬಂದರೆ ವಾಟ್ಸಾಪ್ ಕೂಡ ಹೊರಗೆ ಬರುತ್ತದೆ.

1. ಆರ್ಡರ್ ಓದಿ, ಊಹಿಸಬೇಡಿ

ಕೇಸ್ ಶೀಟ್ ಅಥವಾ ಡ್ರಗ್ ಚಾರ್ಟ್‌ನಲ್ಲಿ ಪೇಷಂಟ್ ಹೆಸರು, ಔಷಧಿ, ಡೋಸ್, ಕೊಡುವ ದಾರಿ, ಸಮಯ, ಡಾಕ್ಟರ್ ಸಹಿ, ಇಷ್ಟೂ ಇರಬೇಕು. ಒಂದು ಇಲ್ಲದಿದ್ದರೂ ಆರ್ಡರ್ ಪೂರ್ತಿಯಾಗಿಲ್ಲ ಅಂತಲೇ ಅರ್ಥ.

ಚಾರ್ಟ್‌ನಲ್ಲಿ ಕಾಣುವ ಸಂಕ್ಷೇಪಗಳು ಇವು. ಓಡಿ ಅಂದರೆ ದಿನಕ್ಕೊಮ್ಮೆ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಕ್ಯೂಐಡಿ ನಾಲ್ಕು ಸಲ. ಎಚ್‌ಎಸ್ ಅಂದರೆ ಮಲಗುವಾಗ. ಎಸ್‌ಒಎಸ್ ಅಂದರೆ ಬೇಕಾದರೆ ಮಾತ್ರ. ಸ್ಟ್ಯಾಟ್ ಅಂದರೆ ಈಗಲೇ. 1-0-1 ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಇವುಗಳಲ್ಲೂ ಗುಂಡಿಗಳಿವೆ. ಕಣ್ಣಿನ ವಾರ್ಡ್‌ನಲ್ಲಿ ಓಡಿ ಅಂದರೆ ಬಲಗಣ್ಣು! ದಿನಕ್ಕೆ ಮೂರು ಸಲ ಅನ್ನುವುದಕ್ಕೂ ಎಂಟು ಗಂಟೆಗೊಮ್ಮೆ ಅನ್ನುವುದಕ್ಕೂ ವ್ಯತ್ಯಾಸವಿದೆ. ಆಂಟಿಬಯೋಟಿಕ್ ಎಂಟು ಗಂಟೆಗೊಮ್ಮೆ ಅಂತ ಬರೆದಿದ್ದರೆ ರಾತ್ರಿ ಡೋಸ್‌ಗೆ ಪೇಷಂಟನ್ನು ಎಬ್ಬಿಸಲೇಬೇಕು.

ಅಕ್ಷರ ಅರ್ಥವಾಗದಿದ್ದರೆ ಪಕ್ಕದ ಗೆಳತಿಯನ್ನು ಕೇಳಿ ಇಬ್ಬರೂ ಸೇರಿ ಊಹಿಸಬೇಡಿ. ಬರೆದವರನ್ನೇ ಕೇಳಿ. ಔಷಧಿಯ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ಡಾಕ್ಟರ್‌ಗಳ ನಿಯಮದಲ್ಲೇ 2016ರಲ್ಲಿ ತಿದ್ದುಪಡಿ ಬಂದಿದೆ. ಕೇಳಲು ಸಂಕೋಚ ಬೇಡ. ಡೋಪಮಿನ್ ಮತ್ತು ಡೊಬ್ಯುಟಮಿನ್, ಮೆಟ್‌ಫಾರ್ಮಿನ್ ಮತ್ತು ಮೆಟ್ರೊನಿಡಜೋಲ್, ಹೀಗೆ ಹೆಸರಿನ ಶುರುವಷ್ಟೇ ನೋಡಿ ಕೈಹಾಕಿದರೆ ಎಡವಟ್ಟು ಖಂಡಿತ.

ಬಾಯಿಮಾತಿನ ಆರ್ಡರ್, ಫೋನ್ ಆರ್ಡರ್ ನೀವು ತೆಗೆದುಕೊಳ್ಳಬೇಡಿ. ಸ್ಟಾಫ್ ನರ್ಸ್‌ಗೆ ಫೋನ್ ಕೊಡಿ. ಅವರು ಬರೆದುಕೊಂಡು, ಬರೆದದ್ದನ್ನು ಡಾಕ್ಟರ್‌ಗೆ ತಿರುಗಿ ಓದಿ ಹೇಳುವುದನ್ನು ಗಮನಿಸಿ.

2. ಔಷಧಿ ಬಗ್ಗೆ ನಾಲ್ಕು ಪ್ರಶ್ನೆ

ಫಾರ್ಮಕಾಲಜಿ ಪುಸ್ತಕ ದಪ್ಪಗಿದೆ, ನಿಜ. ವಾರ್ಡ್‌ನಲ್ಲಿ ಕೊಡುವ ಪ್ರತಿ ಔಷಧಿಗೂ ಈ ನಾಲ್ಕಕ್ಕೆ ಉತ್ತರ ಗೊತ್ತಿದ್ದರೆ ಶುರುವಿಗೆ ಸಾಕು: ಇದನ್ನು ಯಾಕೆ ಕೊಡುತ್ತಿದ್ದೇವೆ? ಕೊಡುವ ಮೊದಲು ಏನು ಚೆಕ್ ಮಾಡಬೇಕು? ಕೊಟ್ಟ ಮೇಲೆ ಏನು ನೋಡಬೇಕು? ಯಾವಾಗ ಕೊಡಬಾರದು?

ಉದಾಹರಣೆಗೆ ಡಿಗಾಕ್ಸಿನ್. ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಹಾಗಾಗಿ ಕೊಡುವ ಮೊದಲು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಕೊಡದೆ ಡಾಕ್ಟರ್‌ಗೆ ತಿಳಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಇಲ್ಲಿ ಬೇಡ. ಬಡಿತ ತಾಳ ತಪ್ಪಿರುವ ಪೇಷಂಟ್‌ಗಳಿಗೇ ಈ ಔಷಧಿ ಜಾಸ್ತಿ ಬರೆಯುವುದು. ಡಿಗಾಕ್ಸಿನ್, ಫೆನಿಟಾಯಿನ್, ಲಿಥಿಯಂ, ವಾರ್ಫರಿನ್ ಇವುಗಳಲ್ಲಿ ಕೆಲಸ ಮಾಡುವ ಡೋಸ್‌ಗೂ ವಿಷವಾಗುವ ಡೋಸ್‌ಗೂ ಅಂತರ ತೀರಾ ಕಡಿಮೆ. ಇದಕ್ಕೇ ಪುಸ್ತಕದಲ್ಲಿ ನ್ಯಾರೋ ಥೆರಪ್ಯುಟಿಕ್ ಇಂಡೆಕ್ಸ್ ಅನ್ನುವುದು.

ಇನ್ನೆರಡು ಮಾತು ಅರ್ಥ ಮಾಡಿಕೊಂಡರೆ ವಾರ್ಡ್‌ನ ಅರ್ಧ ನಿಯಮಗಳಿಗೆ ಕಾರಣ ಸಿಗುತ್ತದೆ. ಒಂದು, ಫಸ್ಟ್ ಪಾಸ್. ನುಂಗಿದ ಔಷಧಿ ಕರುಳಿನಿಂದ ಮೊದಲು ಲಿವರ್‌ಗೆ ಹೋಗುತ್ತದೆ. ಕೆಲವು ಔಷಧಿಗಳ ಬಹುಪಾಲು ಅಲ್ಲೇ ಕರಗಿಹೋಗುತ್ತದೆ. ಎದೆನೋವಿಗೆ ನೈಟ್ರೇಟ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಡುವುದು ಅದಕ್ಕೇ. ಅಲ್ಲಿಂದ ಲಿವರ್ ದಾಟದೆ ನೇರ ರಕ್ತಕ್ಕೆ ಸೇರುತ್ತದೆ. ಪೇಷಂಟ್ ಅದನ್ನು ನೀರು ಕುಡಿದು ನುಂಗಿಬಿಟ್ಟರೆ ಬೇಗ ಕೆಲಸ ಮಾಡುವುದಿಲ್ಲ. ಇನ್ನೊಂದು, ಹಾಫ್ ಲೈಫ್. ರಕ್ತದಲ್ಲಿ ಔಷಧಿಯ ಮಟ್ಟ ಅರ್ಧಕ್ಕೆ ಇಳಿಯಲು ಬೇಕಾಗುವ ಸಮಯ. ಕೆಲವನ್ನು ಆರು ಗಂಟೆಗೊಮ್ಮೆ, ಕೆಲವನ್ನು ದಿನಕ್ಕೊಮ್ಮೆ ಕೊಡುವುದರ ಹಿಂದಿನ ಮುಖ್ಯ ಕಾರಣ ಇದು. ಕಿಡ್ನಿ ಸರಿಯಿಲ್ಲದವರಲ್ಲಿ ಜೆಂಟಾಮೈಸಿನ್‌ನಂಥವು ಹೊರಹೋಗದೆ ಉಳಿದುಕೊಳ್ಳುತ್ತವೆ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ರಿಪೋರ್ಟ್ ನೋಡಿ ಅಂತ ಸಿಸ್ಟರ್ ಹೇಳುವುದು ಸುಮ್ನೆ ಅಲ್ಲ.

3. ಲೆಕ್ಕ

ಇಲ್ಲಿ ನಿಧಾನವಾಗಿ ಓದಿ. ಸೂತ್ರ ಒಂದೇ:

ಬೇಕಾದ ಡೋಸ್ ÷ ಲೇಬಲ್ ಮೇಲಿರುವ ಡೋಸ್ × ಅದು ಎಷ್ಟು ಎಂಎಲ್‌ನಲ್ಲಿದೆ

ಆರ್ಡರ್ ಜೆಂಟಾಮೈಸಿನ್ 60 ಮಿಲಿಗ್ರಾಂ. ಆಂಪೂಲ್ ಮೇಲೆ 2 ಎಂಎಲ್‌ನಲ್ಲಿ 80 ಮಿಲಿಗ್ರಾಂ ಅಂತಿದೆ. 60 ÷ 80 × 2 = 1.5 ಎಂಎಲ್.

ಈಗ ಮಕ್ಕಳ ವಾರ್ಡ್‌ಗೆ ಬನ್ನಿ. ಮಗುವಿನ ತೂಕ 12 ಕೆಜಿ. ಆರ್ಡರ್, ಪ್ಯಾರಾಸಿಟಮಾಲ್ ಕೆಜಿಗೆ 15 ಮಿಲಿಗ್ರಾಂ. ಅಂದರೆ 180 ಮಿಲಿಗ್ರಾಂ. ಎಷ್ಟು ಎಂಎಲ್?

- 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್ ಆದರೆ 7.2 ಎಂಎಲ್
- 5 ಎಂಎಲ್‌ಗೆ 250 ಮಿಲಿಗ್ರಾಂ ಇರುವ ಸಿರಪ್ ಆದರೆ 3.6 ಎಂಎಲ್
- 1 ಎಂಎಲ್‌ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ 1.8 ಎಂಎಲ್

ಮೂರೂ ಬಾಟಲಿ ಒಂದೇ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತವೆ. ಸಿರಪ್‌ನ ಲೆಕ್ಕ ನೆನಪಿಟ್ಟುಕೊಂಡು ಡ್ರಾಪ್ಸ್ ಬಾಟಲಿಯಿಂದ 7 ಎಂಎಲ್ ಕೊಟ್ಟರೆ ಮಗುವಿನ ಹೊಟ್ಟೆಗೆ ಹೋಗುವುದು 700 ಮಿಲಿಗ್ರಾಂ, ಬೇಕಾದ್ದರ ಸುಮಾರು ನಾಲ್ಕು ಪಟ್ಟು. ಡಿಸ್ಚಾರ್ಜ್ ಆಗುವಾಗ ತಾಯಿಗೂ ಇದನ್ನು ಹೇಳಿ. ಬಾಟಲಿ ಜೊತೆ ಬಂದ ಅಳತೆ ಮುಚ್ಚಳ ಅಥವಾ ಡ್ರಾಪರ್ ತೋರಿಸಿ, ಎಲ್ಲಿಯವರೆಗೆ ಅಂತ ಪೆನ್ನಿನಲ್ಲಿ ಗೆರೆ ಹಾಕಿಕೊಡಿ. ಅಡುಗೆಮನೆ ಚಮಚದ ಅಳತೆ ಮನೆಗೊಂದು ಥರ.

ಪರ್ಸೆಂಟ್ ನೋಡಿ ಹೆದರಬೇಡಿ. ಪರ್ಸೆಂಟ್ ಅಂದರೆ 100 ಎಂಎಲ್‌ನಲ್ಲಿ ಅಷ್ಟು ಗ್ರಾಂ. 2% ಲಿಗ್ನೊಕೇನ್ ಅಂದರೆ 100 ಎಂಎಲ್‌ನಲ್ಲಿ 2 ಗ್ರಾಂ, ಅಂದರೆ ಒಂದು ಎಂಎಲ್‌ನಲ್ಲಿ 20 ಮಿಲಿಗ್ರಾಂ. ಅಡ್ರಿನಲಿನ್ 1:1000 ಅಂದರೆ ಒಂದು ಎಂಎಲ್‌ನಲ್ಲಿ 1 ಮಿಲಿಗ್ರಾಂ. 1:10,000 ಅಂದರೆ ಒಂದು ಎಂಎಲ್‌ನಲ್ಲಿ 0.1 ಮಿಲಿಗ್ರಾಂ. ಒಂದು ಸೊನ್ನೆಗೆ ಹತ್ತು ಪಟ್ಟು ವ್ಯತ್ಯಾಸ.

ಸೊನ್ನೆಯ ಮಾತು ಬಂತಲ್ಲ, ನೀವು ಬರೆಯುವಾಗಲೂ ನೆನಪಿಡಿ. ಅರ್ಧ ಮಿಲಿಗ್ರಾಂ ಅನ್ನು 0.5 ಅಂತ ಬರೆಯಿರಿ. ಚುಕ್ಕಿಗಿಂತ ಮೊದಲಿನ ಸೊನ್ನೆ ಬಿಟ್ಟರೆ ಚುಕ್ಕಿ ಕಾಣದೆ 5 ಆಗುತ್ತದೆ. ಒಂದನ್ನು ಬರೀ 1 ಅಂತ ಬರೆಯಿರಿ. 1.0 ಅಂತ ಬರೆದರೆ ಯಾರೋ 10 ಅಂತ ಓದುತ್ತಾರೆ. ಯೂನಿಟ್ ಅನ್ನುವ ಪದವನ್ನು ಪೂರ್ತಿ ಬರೆಯಿರಿ. ಇಂಗ್ಲಿಷಿನ ಯು ಅಕ್ಷರ ಒಂದನ್ನೇ ಗೀಚಿದರೆ ಅದೂ ಸೊನ್ನೆಯಂತೆ ಕಾಣುತ್ತದೆ. 4 ಯೂನಿಟ್ ಇನ್ಸುಲಿನ್ 40 ಆಗಲು ಅಷ್ಟು ಸಾಕು.

ಡ್ರಿಪ್ ಲೆಕ್ಕ: ಒಟ್ಟು ಎಂಎಲ್ × ಸೆಟ್‌ನ ಡ್ರಾಪ್ ಫ್ಯಾಕ್ಟರ್ ÷ ಒಟ್ಟು ನಿಮಿಷ. ಡ್ರಾಪ್ ಫ್ಯಾಕ್ಟರ್ ಅಂದರೆ ಆ ಸೆಟ್‌ನಲ್ಲಿ ಎಷ್ಟು ಹನಿ ಸೇರಿದರೆ ಒಂದು ಎಂಎಲ್ ಅಂತ. ನಮ್ಮಲ್ಲಿ ಸಾಮಾನ್ಯವಾಗಿ ಮ್ಯಾಕ್ರೋ ಸೆಟ್ 20, ಮೈಕ್ರೋ ಸೆಟ್ 60. ಆದರೂ ಕವರ್ ಮೇಲೆ ನೋಡಿಯೇ ಲೆಕ್ಕ ಹಾಕಿ. 500 ಎಂಎಲ್ ನಾರ್ಮಲ್ ಸಲೈನ್ ಆರು ಗಂಟೆಯಲ್ಲಿ ಹೋಗಬೇಕು ಅಂದರೆ 500 × 20 ÷ 360, ನಿಮಿಷಕ್ಕೆ ಸುಮಾರು 28 ಹನಿ. ಮೈಕ್ರೋ ಸೆಟ್‌ನಲ್ಲಿ ಇನ್ನೂ ಸುಲಭ: ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ಒಮ್ಮೆ ಸೆಟ್ ಮಾಡಿ ಮರೆಯಬೇಡಿ. ಪೇಷಂಟ್ ಕೈ ಮಡಚಿದರೆ, ಎದ್ದು ಬಾತ್‌ರೂಮಿಗೆ ಹೋಗಿಬಂದರೆ ಹನಿ ಬದಲಾಗುತ್ತದೆ. ಬೇಗ ಮುಗೀಲಿ ಅಂತ ಪೇಷಂಟ್ ಕಡೆಯವರೇ ರೆಗ್ಯುಲೇಟರ್ ತಿರುಗಿಸುವುದೂ ಉಂಟು.

ಲೆಕ್ಕದ ಉತ್ತರ ವಿಚಿತ್ರವಾಗಿ ಕಂಡರೆ, ಉದಾಹರಣೆಗೆ ಒಂದು ಡೋಸ್‌ಗೆ ನಾಲ್ಕೈದು ಆಂಪೂಲ್ ಒಡೆಯಬೇಕು ಅಂತ ಬಂದರೆ, ಅಲ್ಲೇ ನಿಲ್ಲಿಸಿ. ಒಂದೋ ಲೆಕ್ಕ ತಪ್ಪಿದೆ, ಇಲ್ಲವೇ ಆರ್ಡರ್ ತಪ್ಪಿದೆ.

4. ಮೂರು ಅಪಾಯದ ಔಷಧಿಗಳು

ಹೈ ಅಲರ್ಟ್ ಔಷಧಿ ಅಂದರೆ ಎಡವಿದರೆ ಪ್ರಾಣಕ್ಕೇ ಕುತ್ತು ತರುವಂಥವು. ಪಟ್ಟಿ ಉದ್ದವಿದೆ. ವಿದ್ಯಾರ್ಥಿಗಳು ದಿನಾ ನೋಡುವ ಮೂರನ್ನು ಮಾತ್ರ ಹೇಳುತ್ತೇನೆ. ಇವುಗಳನ್ನು ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಉತ್ತರ ತಾಳೆ ನೋಡಬೇಕು. "1 ಎಂಎಲ್ ಅಲ್ವಾ ಸಿಸ್ಟರ್?" ಅಂತ ಕೇಳಿ ಹೂಂ ಅನ್ನಿಸಿಕೊಳ್ಳುವುದು ಡಬಲ್ ಚೆಕ್ ಅಲ್ಲ.

ಇನ್ಸುಲಿನ್. ನಮ್ಮ ದೇಶದಲ್ಲಿ ಎರಡು ಶಕ್ತಿಯ ಇನ್ಸುಲಿನ್ ಓಡಾಡುತ್ತದೆ. ವಯಲ್‌ಗಳು ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್. ಪೆನ್ ಕಾರ್ಟ್ರಿಜ್‌ಗಳು ಮತ್ತು ಕೆಲವು ವಯಲ್‌ಗಳು ಎಂಎಲ್‌ಗೆ 100 ಯೂನಿಟ್. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. ಅದಲುಬದಲಾದರೆ ಏನಾಗುತ್ತದೆ ನೋಡಿ. ಕೆಂಪು ಸಿರಿಂಜ್‌ನಲ್ಲಿ 10ರ ಗೆರೆಯವರೆಗೆ 100ರ ಇನ್ಸುಲಿನ್ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಉಲ್ಟಾ ಆದರೆ, ಕಿತ್ತಳೆ ಸಿರಿಂಜ್‌ನಲ್ಲಿ 40ರ ಇನ್ಸುಲಿನ್ ಎಳೆದರೆ, ಬರೀ 4. ಪೆನ್ ಕೆಟ್ಟಿದೆ ಅಂತ ಕಾರ್ಟ್ರಿಜ್‌ಗೆ ಸೂಜಿ ಚುಚ್ಚಿ ಎಳೆಯುವ ಅಭ್ಯಾಸ ಯಾರಲ್ಲಿ ಕಂಡರೂ ಕಲಿಯಬೇಡಿ.

ರೆಗ್ಯುಲರ್ ಮತ್ತು ಎನ್‌ಪಿಎಚ್ ಒಂದೇ ಸಿರಿಂಜ್‌ನಲ್ಲಿ ಕೊಡಬೇಕಾದರೆ ತಿಳಿಯಾಗಿರುವ ರೆಗ್ಯುಲರ್ ಮೊದಲು ಎಳೆಯಿರಿ, ಮಬ್ಬಾಗಿರುವ ಎನ್‌ಪಿಎಚ್ ಆಮೇಲೆ. ಗ್ಲಾರ್ಜಿನ್ ಇನ್ಸುಲಿನ್ ಅನ್ನು ಯಾವುದರ ಜೊತೆಗೂ ಬೆರೆಸಬಾರದು. ಚುಚ್ಚುವ ಮೊದಲು ಜಿಆರ್‌ಬಿಎಸ್ (ಬೆರಳಿನಿಂದ ರಕ್ತ ತೆಗೆದು ನೋಡುವ ಶುಗರ್) ನೋಡಿ, ಊಟ ಬಂದಿದೆಯಾ ಅಂತ ಕೇಳಿ. ರೆಗ್ಯುಲರ್ ಇನ್ಸುಲಿನ್ ಕೊಟ್ಟು ಅರ್ಧ ಗಂಟೆಯೊಳಗೆ ಊಟ ಸಿಗಬೇಕು. ಮನೆಯಿಂದ ಬುತ್ತಿ ಬರುವ ವಾರ್ಡ್‌ಗಳಲ್ಲಿ ಬಸ್ಸು ತಡವಾದರೂ ಪೇಷಂಟ್‌ಗೆ ಶುಗರ್ ಇಳಿಯುತ್ತದೆ.

ಹೆಪಾರಿನ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ. 5 ಎಂಎಲ್ ವಯಲ್ ಎರಡು ಥರ ಸಿಗುತ್ತದೆ. ಒಂದರಲ್ಲಿ ಒಟ್ಟು 5000 ಯೂನಿಟ್, ಇನ್ನೊಂದರಲ್ಲಿ ಒಟ್ಟು 25,000. ಆರ್ಡರ್ 5000 ಯೂನಿಟ್ ಆದರೆ ಮೊದಲನೆಯದರಲ್ಲಿ ಪೂರ್ತಿ 5 ಎಂಎಲ್, ಎರಡನೆಯದರಲ್ಲಿ 1 ಎಂಎಲ್. ಎರಡನೆಯ ವಯಲ್ ಮೇಲೆ "ಎಂಎಲ್‌ಗೆ 5000" ಅಂತಲೂ ಬರೆದಿರುವುದರಿಂದ ಕಣ್ಣು ಬೇಗ ಮೋಸ ಹೋಗುತ್ತದೆ. ಎಂಎಲ್‌ಗೆ ಎಷ್ಟು, ವಯಲ್‌ಗೆ ಎಷ್ಟು, ಎರಡನ್ನೂ ಜೋರಾಗಿ ಓದಿ.

ಪೊಟ್ಯಾಸಿಯಂ ಕ್ಲೋರೈಡ್. 10 ಎಂಎಲ್ ಆಂಪೂಲ್, 15%, ಅದರಲ್ಲಿ 20 ಮಿಲಿ ಇಕ್ವಿವಲೆಂಟ್ (ಲವಣಗಳನ್ನು ಅಳೆಯುವ ಮಾನ) ಪೊಟ್ಯಾಸಿಯಂ. ಇದನ್ನು ಯಾವತ್ತೂ ಸಿರಿಂಜ್‌ನಿಂದ ನೇರ ರಕ್ತನಾಳಕ್ಕೆ ತಳ್ಳಬಾರದು. ಹೃದಯ ನಿಂತುಹೋಗುತ್ತದೆ. ಡ್ರಿಪ್ ಬಾಟಲಿಯಲ್ಲಿ ಬೆರೆಸಿ ನಿಧಾನವಾಗಿಯೇ ಕೊಡಬೇಕು. ಕೈಯ ರಕ್ತನಾಳದಲ್ಲಿ ಸಾಮಾನ್ಯವಾಗಿ ಲೀಟರ್‌ಗೆ 40, ಗಂಟೆಗೆ 10 ಮಿಲಿ ಇಕ್ವಿವಲೆಂಟ್ ಮೀರುವುದಿಲ್ಲ. ಎಲ್ಲರೂ ಮರೆಯುವ ಇನ್ನೊಂದು ವಿಷಯವಿದೆ. ಸ್ಟ್ಯಾಂಡ್‌ಗೆ ತೂಗುಹಾಕಿದ ಬಾಟಲಿಗೆ ಹಾಗೇ ಚುಚ್ಚಿ ಹಾಕಿದರೆ ಪೊಟ್ಯಾಸಿಯಂ ತಳದಲ್ಲೇ ನಿಲ್ಲುತ್ತದೆ, ಮೊದಲ ಕೆಲವು ಎಂಎಲ್‌ನಲ್ಲೇ ಹೆಚ್ಚಿನದು ಒಳಗೆ ಹೋಗಿಬಿಡುತ್ತದೆ. ಬಾಟಲಿ ಕೆಳಗಿಳಿಸಿ, ಹಾಕಿ, ಮೇಲೆ ಕೆಳಗೆ ಮಾಡಿ ಚೆನ್ನಾಗಿ ಬೆರೆಸಿ, ಲೇಬಲ್ ಅಂಟಿಸಿ, ಆಮೇಲೆ ತೂಗುಹಾಕಿ. ಡಿಸ್ಟಿಲ್ಡ್ ವಾಟರ್ ಇಡುವ ಟ್ರೇನಲ್ಲಿ ಈ ಆಂಪೂಲ್ ಕಂಡರೆ ತಕ್ಷಣ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ.

5. ರೆಡಿ ಮಾಡುವಾಗ

ಕೈ ತೊಳೆಯಿರಿ. ಲೇಬಲ್ ಅನ್ನು ಮೂರು ಸಲ ಓದಿ: ಕಪಾಟಿನಿಂದ ತೆಗೆಯುವಾಗ, ಸಿರಿಂಜ್‌ಗೆ ಎಳೆಯುವಾಗ, ವಾಪಸ್ ಇಡುವಾಗ. ಎಕ್ಸ್‌ಪೈರಿ ನೋಡಿ. ಮಬ್ಬು, ಕಣ, ಬಣ್ಣ ಬದಲಾವಣೆ ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಒಂದು ಸಲಕ್ಕೆ ಒಬ್ಬ ಪೇಷಂಟ್‌ನ ಔಷಧಿ ಮಾತ್ರ. ಲೇಬಲ್ ಇಲ್ಲದ ಸಿರಿಂಜ್ ಟ್ರೇನಲ್ಲಿ ಬಿದ್ದಿದ್ದರೆ ಅದು ಏನಿರಬಹುದು ಅಂತ ಯೋಚಿಸಲೂ ಬೇಡಿ, ಎಸೆಯಿರಿ.

ಕೆಲವು ಜೋಡಿಗಳು ಒಂದಕ್ಕೊಂದು ಆಗುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಅನ್ನು ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಜೊತೆ ಬೆರೆಸಿದರೆ ಗಸಿ ಕಟ್ಟುತ್ತದೆ. ಫೆನಿಟಾಯಿನ್ ಡೆಕ್ಸ್‌ಟ್ರೋಸ್‌ನಲ್ಲಿ ಗಸಿ ಕಟ್ಟುತ್ತದೆ, ನಾರ್ಮಲ್ ಸಲೈನ್‌ನಲ್ಲೇ ಕೊಡಬೇಕು. ಲೈನ್‌ನಲ್ಲಿ ಬಿಳಿ ಕಂಡರೆ ಡ್ರಿಪ್ ನಿಲ್ಲಿಸಿ, ಒತ್ತಿ ತಳ್ಳಬೇಡಿ.

ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕಿದ ಕೊಳವೆ) ಇರುವವರಿಗೆ ಮಾತ್ರೆ ಕುಟ್ಟಿ ಹಾಕುವ ಮೊದಲು ಹೆಸರಿನ ಬಾಲ ನೋಡಿ. ಎಸ್‌ಆರ್, ಎಕ್ಸ್‌ಆರ್, ರಿಟಾರ್ಡ್ ಅಂತಿದ್ದರೆ ಅದು ದಿನವಿಡೀ ಸ್ವಲ್ಪ ಸ್ವಲ್ಪವೇ ಬಿಡುವ ಮಾತ್ರೆ. ಪುಡಿ ಮಾಡಿದರೆ ಇಡೀ ದಿನದ ಡೋಸ್ ಒಮ್ಮೆಗೇ ಹೋಗುತ್ತದೆ. ಬೇರೆ ರೂಪದಲ್ಲಿ ಸಿಗುತ್ತದಾ ಅಂತ ಡಾಕ್ಟರನ್ನು ಕೇಳಿ.

6. ಪೇಷಂಟ್ ಹತ್ತಿರ

"ಲಕ್ಷ್ಮಮ್ಮ ನೀವೇನಾ?" ಅಂತ ಕೇಳಬೇಡಿ. ಅರೆನಿದ್ದೆಯಲ್ಲಿರುವವರು, ಕಿವಿ ಮಂದವಿರುವವರು ಏನು ಕೇಳಿದರೂ ಹೂಂ ಅನ್ನುತ್ತಾರೆ. "ಅಮ್ಮಾ, ನಿಮ್ಮ ಹೆಸರು ಹೇಳಿ" ಅನ್ನಿ. ಕೈಯ ಬ್ಯಾಂಡ್ ಮೇಲಿನ ಹೆಸರು, ಐಪಿ (ಒಳರೋಗಿ) ನಂಬರ್ ಚಾರ್ಟ್ ಜೊತೆ ತಾಳೆ ನೋಡಿ. ಒಂದೇ ವಾರ್ಡ್‌ನಲ್ಲಿ ಇಬ್ಬರು ಲಕ್ಷ್ಮಮ್ಮ, ಮೂವರು ಮಂಜುನಾಥ ಇರುವುದು ನಮ್ಮ ಕಡೆ ಮಾಮೂಲಿ. ಬೆಡ್ ನಂಬರ್ ನೆಚ್ಚಿಕೊಳ್ಳಬೇಡಿ. ಫ್ಯಾನ್ ಗಾಳಿ ಬರುತ್ತೆ ಅಂತ ಪೇಷಂಟ್‌ಗಳು ಮಂಚ ಬದಲಾಯಿಸುತ್ತಾರೆ.

ಅಲರ್ಜಿ ಇದೆಯಾ ಅಂದರೆ ಎಷ್ಟೋ ಜನ ಇಲ್ಲ ಅಂತಲೇ ಹೇಳುತ್ತಾರೆ. ಹೀಗೆ ಕೇಳಿ: "ಯಾವುದಾದ್ರೂ ಮಾತ್ರೆ ಇಂಜೆಕ್ಷನ್ ತಗೊಂಡಾಗ ಮೈ ತುರಿಸಿತ್ತಾ? ದದ್ದು ಎದ್ದಿತ್ತಾ? ಮುಖ ಊದಿತ್ತಾ? ಉಸಿರು ಕಟ್ಟಿದ ಹಾಗಾಗಿತ್ತಾ?" ಉತ್ತರ ಬದಲಾಗುವುದನ್ನು ನೀವೇ ನೋಡುತ್ತೀರಿ.

ಮಾತ್ರೆಯನ್ನು ಟೇಬಲ್ ಮೇಲಿಟ್ಟು ಹೋಗಬೇಡಿ, ನುಂಗುವವರೆಗೆ ನಿಲ್ಲಿ. "ಈ ಮಾತ್ರೆ ಹೀಟು" ಅಂತ ದಿಂಬಿನ ಕೆಳಗೆ ಸೇರಿಸುವವರು ಬಹಳ. ಗದರಬೇಡಿ. ಯಾಕೆ ಹಾಗನ್ನಿಸಿತು ಅಂತ ಕೇಳಿ. ಹೊಟ್ಟೆ ಉರಿಯನ್ನೋ ಬಾಯಿಹುಣ್ಣನ್ನೋ ಅವರು ಹೀಟು ಅನ್ನುತ್ತಿರಬಹುದು. ಹಾಗಿದ್ದರೆ ಡಾಕ್ಟರ್‌ಗೆ ಗೊತ್ತಾಗಬೇಕಾದ ವಿಷಯವೇ ಅದು. "ಇದು ನಾನು ದಿನಾ ತಗೊಳ್ಳೋ ಬಣ್ಣದ ಮಾತ್ರೆ ಅಲ್ಲ" ಅಂತ ಪೇಷಂಟ್ ಅಂದರೆ ಕೊಡುವುದನ್ನು ನಿಲ್ಲಿಸಿ ಚಾರ್ಟ್ ಇನ್ನೊಮ್ಮೆ ನೋಡಿ.

7. ಇಂಜೆಕ್ಷನ್ ದಾರಿ

ಚರ್ಮದೊಳಗೆ ಕೊಡುವುದಕ್ಕೆ ಸೂಜಿ 10ರಿಂದ 15 ಡಿಗ್ರಿ, ಚರ್ಮದ ಕೆಳಗೆ 45ರಿಂದ 90, ಸ್ನಾಯುವಿಗೆ 90. ತೋಳಿನ ಡೆಲ್ಟಾಯ್ಡ್ ಸ್ನಾಯುವಿಗೆ 1 ಎಂಎಲ್ ಆಸುಪಾಸು ಸಾಕು. ಪುಟ್ಟ ಮಕ್ಕಳಿಗೆ ತೊಡೆಯ ಹೊರಭಾಗ. ಪೃಷ್ಠದಲ್ಲಿ ಜಾಗ ತಪ್ಪಿದರೆ ಸಯಾಟಿಕ್ ನರಕ್ಕೆ ಪೆಟ್ಟಾಗಿ ಕಾಲೇ ಸೋಲಬಹುದು. ಜಾಗ ಗುರುತಿಸುವುದನ್ನು ಟ್ಯೂಟರ್ ಎದುರೇ ಕಲಿಯಿರಿ.

ಐವಿ (ರಕ್ತನಾಳಕ್ಕೆ ಕೊಡುವ) ಔಷಧಿಗಳಲ್ಲಿ ವೇಗವೂ ಡೋಸ್‌ನ ಭಾಗವೇ. ವ್ಯಾಂಕೊಮೈಸಿನ್ ಕನಿಷ್ಠ ಒಂದು ಗಂಟೆಯಾದರೂ ಹೋಗಬೇಕು. ಬೇಗ ಬಿಟ್ಟರೆ ಮುಖ, ಕುತ್ತಿಗೆ ಕೆಂಪಾಗಿ ತುರಿಕೆ ಬರುತ್ತದೆ, ಬಿಪಿ ಇಳಿಯುತ್ತದೆ. ಫೆನಿಟಾಯಿನ್ ದೊಡ್ಡವರಲ್ಲಿ ನಿಮಿಷಕ್ಕೆ 50 ಮಿಲಿಗ್ರಾಂ ಮೀರಬಾರದು.

ಬಳಸಿದ ಸೂಜಿಗೆ ಮುಚ್ಚಳ ಹಾಕಬೇಡಿ. ಸೂಜಿ ಬಿಳಿ ಡಬ್ಬಿಗೆ, ಗಾಜಿನ ಆಂಪೂಲ್ ನೀಲಿಗೆ, ಸೂಜಿ ತೆಗೆದ ಸಿರಿಂಜ್ ಮತ್ತು ಐವಿ ಸೆಟ್ ಕೆಂಪಿಗೆ.

8. ಕೊಟ್ಟ ಮೇಲೆ

ಕೊಟ್ಟ ನಂತರವೇ ಸಹಿ, ಮೊದಲೇ ಅಲ್ಲ. ಡ್ಯೂಟಿ ಶುರುವಿನಲ್ಲೇ ಎಲ್ಲದಕ್ಕೂ ಟಿಕ್ ಹಾಕಿಡುವುದು ಕೆಟ್ಟ ಚಾಳಿ. ಪೇಷಂಟ್ ಬೇಡ ಅಂದರೆ, ಬಿಪಿ ಕಡಿಮೆ ಇದೆ ಅಂತ ಕೊಡದಿದ್ದರೆ, ಅದನ್ನೂ ಕಾರಣ ಸಮೇತ ಬರೆಯಿರಿ. ಖಾಲಿ ಬಿಟ್ಟರೆ ಮುಂದಿನ ಶಿಫ್ಟ್‌ನವರು ಮರೆತಿದ್ದಾರೆ ಅಂದುಕೊಂಡು ಕೊಟ್ಟುಬಿಡುತ್ತಾರೆ.

ಟೆಸ್ಟ್ ಡೋಸ್‌ಗೆ (ಅಲರ್ಜಿ ಇದೆಯಾ ಅಂತ ಮೊದಲು ಕೊಡುವ ಚೂರು ಡೋಸ್) ಏನೂ ಆಗಲಿಲ್ಲ ಅಂತ ಮೈಮರೆಯಬೇಡಿ. ಆಮೇಲೂ ರಿಯಾಕ್ಷನ್ ಬರಬಹುದು. ತುರಿಕೆ, ದದ್ದು, ತುಟಿ ಊತ, ಗಂಟಲು ಕಟ್ಟುವುದು, ಬಿಪಿ ಇಳಿಯುವುದು, ಇವು ಅನಫಿಲ್ಯಾಕ್ಸಿಸ್ (ಪ್ರಾಣಕ್ಕೇ ಅಪಾಯ ತರುವ ತೀವ್ರ ಅಲರ್ಜಿ) ಲಕ್ಷಣ. ಔಷಧಿ ನಿಲ್ಲಿಸಿ, ಆದರೆ ಕ್ಯಾನುಲಾ (ರಕ್ತನಾಳದಲ್ಲಿರುವ ಸಣ್ಣ ಕೊಳವೆ) ತೆಗೆಯಬೇಡಿ. ಕೂಗಿ ಸಹಾಯ ಕರೆಯಿರಿ, ಮಲಗಿಸಿ ಕಾಲು ಎತ್ತರಿಸಿ, ಉಸಿರಾಟ ಕಷ್ಟವಿದ್ದರೆ ಒರಗಿ ಕೂರಿಸಿ, ಆಕ್ಸಿಜನ್ ಕೊಡಿ. ಮೊದಲ ಔಷಧಿ ಅಡ್ರಿನಲಿನ್: ದೊಡ್ಡವರಿಗೆ 1:1000ದ್ದು 0.5 ಎಂಎಲ್, ತೊಡೆಯ ಹೊರಮಧ್ಯ ಭಾಗದ ಸ್ನಾಯುವಿಗೆ. ಏವಿಲ್, ಹೈಡ್ರೊಕಾರ್ಟಿಸೋನ್ ಎಲ್ಲ ಅದರ ನಂತರ. ಎಮರ್ಜೆನ್ಸಿ ಟ್ರೇ ಎಲ್ಲಿದೆ, ಅದರಲ್ಲಿ ಅಡ್ರಿನಲಿನ್ ಇದೆಯಾ ಅಂತ ಡ್ಯೂಟಿಗೆ ಬಂದ ಕೂಡಲೇ ನೋಡಿಕೊಳ್ಳಿ.

9. ತಪ್ಪಾಗಿಬಿಟ್ಟರೆ

ಮೊದಲು ಪೇಷಂಟ್, ಆಮೇಲೆ ಉಳಿದದ್ದೆಲ್ಲ. ನಾಡಿ, ಬಿಪಿ, ಉಸಿರು, ಪ್ರಜ್ಞೆ ನೋಡಿ. ಇನ್ಸುಲಿನ್ ಆಗಿದ್ದರೆ ಶುಗರ್ ನೋಡಿ. ತಕ್ಷಣ ಸ್ಟಾಫ್ ನರ್ಸ್‌ಗೂ ಡ್ಯೂಟಿ ಡಾಕ್ಟರ್‌ಗೂ ಏನು ಕೊಟ್ಟಿರಿ, ಎಷ್ಟು, ಎಷ್ಟು ಗಂಟೆಗೆ ಅಂತ ಇದ್ದದ್ದು ಇದ್ದಂತೆ ಹೇಳಿ. ಬೈಗುಳ ಬೀಳಬಹುದು. ಆದರೆ ಮೊದಲ ಹತ್ತು ನಿಮಿಷದಲ್ಲಿ ಹೇಳಿದರೆ ಸರಿಪಡಿಸಲು ಆಗುವುದು ಎರಡು ಗಂಟೆ ಮುಚ್ಚಿಟ್ಟರೆ ಆಗದೆ ಹೋಗಬಹುದು. ಚಾರ್ಟ್ ತಿದ್ದಬೇಡಿ, ವೈಟ್ನರ್ ಮುಟ್ಟಬೇಡಿ. ಇನ್ಸಿಡೆಂಟ್ ಫಾರ್ಮ್‌ನಲ್ಲಿ ನಡೆದದ್ದನ್ನಷ್ಟೇ ಬರೆಯಿರಿ.

ನಿಮ್ಮ ತಪ್ಪೇನೂ ಇಲ್ಲದೆ ಔಷಧಿಯಿಂದಲೇ ಅಡ್ಡ ಪರಿಣಾಮ ಆಗಿದ್ದರೆ ಅದನ್ನೂ ವರದಿ ಮಾಡಬೇಕು. 2010ರಲ್ಲಿ ಶುರುವಾದ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ನರ್ಸ್‌ಗಳೂ ವರದಿ ಕಳಿಸಬಹುದು. ಸಹಾಯವಾಣಿ 1800-180-3024. ಅನುಮಾನ ಇದ್ದರೆ ಸಾಕು, ಸಾಬೀತು ಮಾಡಬೇಕಾಗಿಲ್ಲ. ಫಾರ್ಮ್‌ನಲ್ಲಿ ಪೇಷಂಟ್ ಹೆಸರಿನ ಮೊದಲಕ್ಷರ, ವಯಸ್ಸು, ಏನಾಯಿತು, ಯಾವತ್ತು ಶುರುವಾಯಿತು, ಯಾವ ಔಷಧಿ ಮೇಲೆ ಅನುಮಾನ, ಕಳಿಸುವವರು ಯಾರು ಅಂತ ಕೇಳುತ್ತಾರೆ. ಬ್ಯಾಚ್ ನಂಬರ್ ಕೂಡ ಕೇಳುತ್ತಾರೆ. ಆದ್ದರಿಂದ ರಿಯಾಕ್ಷನ್ ಆದ ದಿನ ಖಾಲಿ ವಯಲ್ ಅನ್ನು ಡಬ್ಬಿಗೆ ಹಾಕದೆ ತೆಗೆದಿಡಿ.